‘ಬಸಿರಿಗೆ ಮುಂಚಿನ ತೂಕ’ ಅಂದರೆ ಏನು? ಮಗುವಿಗೂ ಅದಕ್ಕೂ ಏನು ಸಂಬಂಧ?

ಮನೆಯಲ್ಲಿ ಯಾರಾದರೂ ಬಸುರಿ ಅಂತ ಗೊತ್ತಾದ ಕೂಡಲೇ ಶುರುವಾಗುವ ಮಾತು, ‘ಎರಡು ಜೀವ ಕಣಮ್ಮ, ಇನ್ನೊಂದು ತುತ್ತು ತಿನ್ನು.’ ಆಮೇಲೆ ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ತೂಕ ಬರೆಯುತ್ತಾರೆ. ಎಷ್ಟು ಏರಿತು ಅಂತ ಎಲ್ಲರೂ ಕೇಳ್ತಾರೆ. ಎಲ್ಲಿಂದ ಏರಿತು ಅಂತ ಕೇಳುವವರು ಕಡಿಮೆ. ಆ ‘ಎಲ್ಲಿಂದ’ ಅನ್ನುವುದೇ ಬಸಿರಿಗೆ ಮುಂಚಿನ ತೂಕ.

ಇದನ್ನು ಬರೀ ಕೆಜಿಯಲ್ಲಿ ನೋಡುವುದಿಲ್ಲ, ಎತ್ತರವನ್ನೂ ಸೇರಿಸಿ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಅಂಕಿ, ಲೆಕ್ಕ ಹಾಕುತ್ತಾರೆ. 155 ಸೆಂ.ಮೀ. ಎತ್ತರದ ಹೆಂಗಸು 50 ಕೆಜಿ ಇದ್ದರೆ ಬಿಎಂಐ ಸುಮಾರು 21, ಅಂದರೆ ಸರಿಯಾದ ತೂಕ. ಅದೇ ಎತ್ತರಕ್ಕೆ 62 ಕೆಜಿ ಇದ್ದರೆ ಸುಮಾರು 26, ಅಂದರೆ ಜಾಸ್ತಿ ತೂಕ. ಅಮೆರಿಕದಲ್ಲಿ 2009ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಮೊದಲನೆಯವಳು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕೆಜಿ ಏರಬಹುದು, ಎರಡನೆಯವಳಿಗೆ 7ರಿಂದ 11.5 ಕೆಜಿ ಸಾಕು. ಹಾಗಾಗಿ ‘ನಮ್ಮ ಅಕ್ಕ 14 ಕೆಜಿ ಏರಿದ್ದಳು, ನೀನ್ಯಾಕೆ ಇಷ್ಟೇ’ ಅಂತ ಹೋಲಿಸುವುದು ಸರಿಯಲ್ಲ.

ಇನ್ನು ಮಗುವಿನ ವಿಷಯ. ತಾಯಿಯ ತೂಕ ಜಾಸ್ತಿ ಇದ್ದರೆ ಬಸಿರಿನಲ್ಲಿ ರಕ್ತದ ಸಕ್ಕರೆ ಏರುವ ಸಾಧ್ಯತೆಯೂ ಜಾಸ್ತಿ. ಆ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಆದರೆ ಅದನ್ನು ಹಿಡಿತದಲ್ಲಿಡುವ ತಾಯಿಯ ಇನ್ಸುಲಿನ್ ದಾಟುವುದಿಲ್ಲ, ಹಾಗಾಗಿ ಬಂದ ಸಕ್ಕರೆಗೆಲ್ಲ ಮಗುವೇ ತನ್ನ ಪುಟ್ಟ ಮೇದೋಜೀರಕದಿಂದ ಇನ್ಸುಲಿನ್ ಮಾಡಿಕೊಳ್ಳಬೇಕಾಗುತ್ತದೆ. ಉಳಿದದ್ದು ಕೊಬ್ಬಾಗಿ ಕೂರುತ್ತದೆ. ಇದನ್ನು 1950ರ ದಶಕದಲ್ಲೇ ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೆಡರ್ಸನ್ ವಿವರಿಸಿದ್ದರು.

ನಮ್ಮ ಮೈಸೂರಿನಲ್ಲೇ ಇದರ ಬಗ್ಗೆ ಒಂದು ಒಳ್ಳೆಯ ಅಧ್ಯಯನ ನಡೆದಿದೆ. ಊರವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಬರೀ ತಕ್ಕಡಿ ಮೇಲೆ ನಿಲ್ಲಿಸಿ ಬಿಡಲಿಲ್ಲ. ತೋಳಿನ ಹಿಂದೆ, ಬೆನ್ನ ಮೇಲೆ ಚರ್ಮವನ್ನು ಚಿಮುಟದಂಥ ಸಾಧನದಲ್ಲಿ ಹಿಡಿದು, ಒಳಗಿನ ಕೊಬ್ಬು ಎಷ್ಟು ದಪ್ಪ ಅಂತ ಅಳೆದರು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಜಾಸ್ತಿ ಇತ್ತು.

‘ಅದೆಲ್ಲ ವಂಶದಿಂದ ಬಂದದ್ದು’ ಅಂತೀರಾ? ವಂಶದ ಪಾಲು ನಿಜವಾಗಿಯೂ ದೊಡ್ಡದು, ಮನೆಯ ಊಟ, ಆಟದ ಪಾಲೂ ಇದೆ. ಆದರೆ ಕೆನಡಾದ ಕ್ವಿಬೆಕ್‌ನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಂದಿರ ಮಕ್ಕಳನ್ನು ಹೋಲಿಸಿದಾಗ, ಆಪರೇಷನ್‌ಗೆ ಮುಂಚೆ ಹುಟ್ಟಿದವರಿಗಿಂತ ಆಮೇಲೆ ಹುಟ್ಟಿದವರಲ್ಲಿ ಬೊಜ್ಜು ಕಡಿಮೆ ಇತ್ತು. ತಾಯಿ ಅದೇ ತಾಯಿ. ಹಾಗಾದರೆ ಎಲ್ಲವನ್ನೂ ಸುಮ್ನೆ ವಂಶದ ಮೇಲೆ ಹಾಕೋಕಾಗಲ್ಲ, ಅಲ್ವಾ?

ಇಷ್ಟು ಓದಿ ಯಾವ ತಾಯಿಯೂ ‘ನನ್ನಿಂದಲೇ ಮಗು ದಪ್ಪ ಆಯ್ತು’ ಅಂತ ಕೊರಗಬೇಡಿ. ಇದು ಸಾಧ್ಯತೆಯ ಲೆಕ್ಕ, ಹಣೆಬರಹವಲ್ಲ. ದಪ್ಪ ತಾಯಿಗೆ ತೆಳ್ಳಗಿನ ಮಕ್ಕಳು ಹುಟ್ಟಿ ಬೆಳೆದದ್ದು ಎಷ್ಟೋ ಇದೆ. ಬಸಿರಿನಲ್ಲಿ ಊಟ ಬಿಟ್ಟು ತೂಕ ಇಳಿಸಲು ಹೋಗುವುದಂತೂ ಬೇಡವೇ ಬೇಡ. ಹಾಗಂತ ಎರಡು ಪಾಲು ಊಟವೂ ಬೇಕಿಲ್ಲ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ, ಅಂದರೆ ಹೆಚ್ಚು ಕಡಿಮೆ ಒಂದು ರಾಗಿ ಮುದ್ದೆ, ಒಂದು ಲೋಟ ಹಾಲು.

ನನಗೆ ಮುಖ್ಯ ಅನ್ನಿಸುವುದು ಬಾಣಂತನದ ಸಮಯ. ತುಪ್ಪ, ಅಂಟಿನುಂಡೆ ತಿನ್ನಿಸಿ ತಿಂಗಳುಗಟ್ಟಲೆ ಮಲಗಿಸಿದರೆ ಏರಿದ್ದು ಇಳಿಯುವುದು ಕಷ್ಟ. ಮೊದಲ ಹೆರಿಗೆಯ ನಂತರ ಉಳಿದ ಆ ತೂಕವೇ ಎರಡನೇ ಮಗುವಿನ ಲೆಕ್ಕದಲ್ಲಿ ‘ಬಸಿರಿಗೆ ಮುಂಚಿನ ತೂಕ’ ಆಗುತ್ತದೆ.