'ಆಳು' ಎಂಬ ಮಾತಿಗೆ ಎರಡು ಅರ್ಥ

ಈಸ್ಟರ್ ಹಬ್ಬದ ಹಿಂದಿನ ರಾತ್ರಿ, ಪಾಸ್ಖ ಜಾಗರಣೆಯಲ್ಲಿ, ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸುತ್ತಾರೆ. ಗುರುಗಳು ಅದನ್ನು ಆಶೀರ್ವದಿಸಿ, ಆಳೆತ್ತರದ ಮೇಣದ ಬತ್ತಿಗೆ ಅದರಿಂದಲೇ ಜ್ಯೋತಿ ಮುಟ್ಟಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯ ಒಂದು ಊರಿನಲ್ಲಿ ನಾನು ಹೀಗೆ ಕತ್ತಲಲ್ಲಿ ನಿಂತಿದ್ದೆ. ಕಾಂಪೌಂಡಿನ ಆಚೆ ಇನ್ನೊಂದು ಬೆಂಕಿ ಕಾಣುತ್ತಿತ್ತು. ಕಬ್ಬು ಕಡಿದ ಹೊಲದಲ್ಲಿ ಉಳಿದ ಒಣಗರಿಗೆ, ಅಂದರೆ ರವದಿಗೆ, ಯಾರೋ ಕಡ್ಡಿ ಗೀರಿದ್ದರು. ಕಪ್ಪು ಬೂದಿಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಹಬ್ಬಕ್ಕೆಂದು ಉಟ್ಟ ಸೀರೆಗಳ ಮೇಲೆ, ಮಕ್ಕಳ ತಲೆಯ ಮೇಲೆ ಕೂರುತ್ತಿದ್ದವು. ನಮ್ಮ ಭಾಗದಲ್ಲಿ ಅದು ಹೊಸದೇನಲ್ಲವಾದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಪಾಸ್ಖ ಸ್ತುತಿಗೀತೆ ಆರಂಭವಾಯಿತು. ಬಹಳ ಹಳೆಯ ಆ ಗೀತೆಯಲ್ಲಿ ಜೇನುನೊಣಕ್ಕೂ ಒಂದು ಸ್ಥಾನವಿದೆ. ಈ ಬತ್ತಿಯ ಮೇಣ ಅದರ ದುಡಿಮೆ ಎಂದು ದೇವರ ಮುಂದೆ ನೆನೆಯಲಾಗುತ್ತದೆ. ಅದು ಮುಗಿದ ಮೇಲೆ ಮೊದಲ ವಾಚನ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಸೃಷ್ಟಿಯ ಕಥೆ. ದೇವರು ಮನುಷ್ಯರಿಗೆ ಹೇಳುತ್ತಾನೆ: ಭೂಮಿಯನ್ನು ತುಂಬಿಕೊಳ್ಳಿ, ವಶಮಾಡಿಕೊಳ್ಳಿ, ಮೀನು, ಹಕ್ಕಿ, ಪ್ರಾಣಿಗಳ ಮೇಲೆ ಆಳ್ವಿಕೆ ನಡೆಸಿ. ಒಳಗೆ ಆ ಮಾತು, ಹೊರಗೆ ಆ ಬೆಂಕಿ. ಕಥೋಲಿಕ ಧರ್ಮಸಭೆ ಪ್ರಕೃತಿಯ ಬಗ್ಗೆ ಇಷ್ಟು ವರ್ಷ ಏನು ಹೇಳುತ್ತಾ ಬಂದಿದೆ ಎಂದು ಹುಡುಕಲು ನನ್ನನ್ನು ಹಚ್ಚಿದ್ದು ಆ ರಾತ್ರಿ.

'ಆಳಿರಿ' ಎಂಬ ಈ ಒಂದು ಮಾತನ್ನೇ ಹಿಡಿದು 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಪ್ರಕೃತಿ ಇರುವುದೇ ಮನುಷ್ಯನ ಬಳಕೆಗಾಗಿ ಎಂಬ ಭಾವನೆಯನ್ನು ಪಶ್ಚಿಮದ ಕ್ರೈಸ್ತಧರ್ಮ ಬಿತ್ತಿತು, ಇಂದಿನ ಪರಿಸರ ಬಿಕ್ಕಟ್ಟಿನ ಬೇರು ಅಲ್ಲಿದೆ ಎಂಬುದು ಅವರ ವಾದ. ಚರ್ಚಿನೊಳಗೆ ಹಲವರಿಗೆ ಅದು ನೋವುಂಟುಮಾಡಿತು. ಆದರೆ ವೈಟ್ ಹೊರಗಿನವರಲ್ಲ, ಕ್ರೈಸ್ತರೇ. ಲೇಖನದ ಕೊನೆಯಲ್ಲಿ ಅವರು ಮದ್ದನ್ನೂ ಅದೇ ಮನೆಯೊಳಗೆ ತೋರಿಸಿದ್ದರು: ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರ ತಜ್ಞರ ಪಾಲಕ ಸಂತರೆಂದು ಸ್ವೀಕರಿಸಿ ಎಂದರು. 12 ವರ್ಷಗಳ ನಂತರ, 1979ರ ನವೆಂಬರ್ 29ರಂದು, ಪೋಪ್ ಎರಡನೇ ಜಾನ್ ಪೌಲ್ ಅದನ್ನೇ ಅಧಿಕೃತವಾಗಿ ಘೋಷಿಸಿದರು.

ವೈಟ್ ಅವರ ಆರೋಪವನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ, ಪೂರ್ತಿ ತಳ್ಳಿಹಾಕುವುದೂ ಕಷ್ಟ. ಆದಿಕಾಂಡದ ಒಂದನೇ ಅಧ್ಯಾಯದಲ್ಲಿ 'ಆಳಿರಿ' ಎಂದಿರುವುದು ನಿಜ. ಆದರೆ ಒಂದೇ ಪುಟ ಮುಂದೆ, ಎರಡನೇ ಅಧ್ಯಾಯದ 15ನೇ ವಚನದಲ್ಲಿ, ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ಸಾಗುವಳಿ ಮಾಡುವುದಕ್ಕೂ ಕಾಯುವುದಕ್ಕೂ ಎಂದಿದೆ. ಮೂಲ ಹೀಬ್ರೂವಿನಲ್ಲಿ ಸಾಗುವಳಿಗೆ ಬಳಸಿರುವ 'ಅಬಾದ್' ಎಂಬ ಕ್ರಿಯಾಪದಕ್ಕೆ ಸೇವೆ ಮಾಡು ಎಂಬ ಅರ್ಥವೂ ಇದೆ, ಕಾಯುವುದಕ್ಕೆ 'ಶಮಾರ್'. ಮನುಷ್ಯನ ಹೆಸರಾದ 'ಆದಾಮ' ಮಣ್ಣು ಎಂಬ ಅರ್ಥದ 'ಆದಾಮಾ' ಪದದ ನೆಂಟ. ಹೀಬ್ರೂವಿನಲ್ಲಿ ಆಳ್ವಿಕೆ, ಸೇವೆ ಎಂದು ಎರಡು ಪದಗಳಲ್ಲಿ ಹಂಚಿಹೋಗಿರುವುದನ್ನು ನಮ್ಮ ಕನ್ನಡ ಒಂದೇ ಪದದಲ್ಲಿ ಇಟ್ಟುಕೊಂಡಿದೆ. 'ಆಳು' ಎಂದರೆ ಅರಸನ ಕೆಲಸ. 'ಆಳು' ಎಂದರೆ ಹೊಲದಲ್ಲಿ ದುಡಿಯುವವನು ಕೂಡ. ಚರ್ಚು ನಡೆದು ಬಂದ ದಾರಿ ನನಗೆ ಕಾಣುವುದು ಹೀಗೆ: ಮೊದಲ ಅರ್ಥದಲ್ಲಿ ಬಹಳ ಕಾಲ ನಿಂತು, ಎರಡನೆಯದರ ಕಡೆಗೆ ತಡವಾಗಿ ಹೊರಟ ದಾರಿ.

ತಡವಾಗಿ ಎಂದದ್ದು ಬರಹದ ಮಟ್ಟಿಗೆ ಮಾತ್ರ, ಏಕೆಂದರೆ ಆಚರಣೆಯಲ್ಲಿ ಇದು ಹಳೆಯದು. 5ನೇ ಶತಮಾನದಲ್ಲಿ, ಈಗಿನ ಫ್ರಾನ್ಸ್‌ನ ವಿಯೆನ್ ಪಟ್ಟಣದಲ್ಲಿ ಧರ್ಮಾಧ್ಯಕ್ಷ (ಬಿಷಪ್) ಮಾಮೆರ್ತುಸ್ ಒಂದು ಪದ್ಧತಿ ತಂದರು. ಯೇಸುವಿನ ಸ್ವರ್ಗಾರೋಹಣ ಹಬ್ಬಕ್ಕೆ ಮುಂಚಿನ ಮೂರು ದಿನ ಊರಿನವರೆಲ್ಲ ಉಪವಾಸವಿದ್ದು, ಸಂತರ ಪ್ರಾರ್ಥನೆ ಹಾಡುತ್ತಾ ಮೆರವಣಿಗೆ ಹೋಗುವುದು. ಕಾಲಾಂತರದಲ್ಲಿ ಅದು ಹೊಲಗಳನ್ನು ಸುತ್ತಿ ಬೆಳೆಯನ್ನು ಆಶೀರ್ವದಿಸುವ ಆಚರಣೆಯಾಗಿ ಹಳ್ಳಿಹಳ್ಳಿಗೂ ಹಬ್ಬಿತು. ಸೀಗಿ ಹುಣ್ಣಿಮೆಗೆ ಎತ್ತಿನ ಬಂಡಿಯಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಉಡಿ ತುಂಬಿ ಚರಗ ಚೆಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1969ರಲ್ಲಿ ಪೂಜಾ ಪಂಚಾಂಗ ಬದಲಾದಾಗ ಆ ದಿನಗಳನ್ನು ಆಯಾ ದೇಶದ ಧರ್ಮಾಧ್ಯಕ್ಷರ ನಿರ್ಧಾರಕ್ಕೆ ಬಿಡಲಾಯಿತು, ಬಹಳ ಕಡೆ ಅವು ಮರೆತೇ ಹೋದವು. ಪರಿಸರದ ಬಗ್ಗೆ ಲೋಕ ಎಚ್ಚರಗೊಳ್ಳುತ್ತಿದ್ದ ಹೊತ್ತಿನಲ್ಲೇ ಚರ್ಚಿನ ಪಾದಗಳು ಹೊಲದಿಂದ ಹೊರಬಂದವು ಎಂಬುದು ನನಗೆ ಈಗಲೂ ನೋಯುವ ಸಂಗತಿ. ಕರಾವಳಿಯ ಕೊಂಕಣಿ ಕಥೋಲಿಕರು ಮಾತ್ರ ಸೆಪ್ಟೆಂಬರ್ 8ರ ಮರಿಯಮ್ಮನ ಜನ್ಮದಿನಕ್ಕೆ ಹೊಸ ತೆನೆಯನ್ನು ಚರ್ಚಿಗೆ ತಂದು ಆಶೀರ್ವದಿಸಿಕೊಂಡು ಹೋಗುವುದನ್ನು ಬಿಟ್ಟಿಲ್ಲ.

ಇನ್ನು ಪೋಪರ ಪತ್ರಗಳ ಕಥೆ. ಕಾರ್ಮಿಕರ ಹಕ್ಕಿನ ಬಗ್ಗೆ 13ನೇ ಲಿಯೋ 1891ರಲ್ಲಿ ಬರೆದ ವಿಶ್ವಪತ್ರದಲ್ಲಿ (ಪೋಪರು ಇಡೀ ಧರ್ಮಸಭೆಗೆ ಬರೆಯುವ ಪತ್ರ) ಭೂಮಿ ಇದೆ, ಆದರೆ ಆಸ್ತಿಯಾಗಿ. ಅದರ 80ನೇ ವರ್ಷದ ನೆನಪಿಗೆ, 1971ರಲ್ಲಿ, ಆರನೇ ಪೌಲ್ ಹೊರಡಿಸಿದ ಪತ್ರ ಮೊದಲ ಬಾರಿ ಅಪಾಯದ ಗಂಟೆ ಬಾರಿಸಿತು: ಯೋಚನೆಯಿಲ್ಲದೆ ಪ್ರಕೃತಿಯನ್ನು ಸುಲಿಯುವ ಮನುಷ್ಯ ಅದನ್ನು ಹಾಳುಮಾಡಿ ಕೊನೆಗೆ ತಾನೇ ಆ ಹಾಳಿಗೆ ಬಲಿಯಾಗುತ್ತಾನೆ ಎಂದು ಅದು ಎಚ್ಚರಿಸಿತು. 1990ರ ಜನವರಿ 1ರಂದು ಎರಡನೇ ಜಾನ್ ಪೌಲ್ ನೀಡಿದ ವಿಶ್ವಶಾಂತಿ ದಿನದ ಸಂದೇಶವನ್ನು ಪೂರ್ತಿಯಾಗಿ ಪರಿಸರಕ್ಕೇ ಮೀಸಲಾದ ಮೊದಲ ಪೋಪ್ ಸಂದೇಶವೆಂದು ಗುರುತಿಸುತ್ತಾರೆ. 'ಪರಿಸರದ ಕಡೆಗೆ ಮನಪರಿವರ್ತನೆ' ಎಂಬ ಮಾತನ್ನು 2001ರಲ್ಲಿ ಬಳಸಿದವರೂ ಅವರೇ. 16ನೇ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ, ವ್ಯಾಟಿಕನ್ನಿನ ಸಭಾಂಗಣದ ಚಾವಣಿಗೆ ಸೌರಫಲಕಗಳು ಬಂದವು.

ಇವೆಲ್ಲ ಹನಿಹನಿ. ಹೊಳೆಯಾಗಿ ಬಂದದ್ದು 2015ರಲ್ಲಿ, ಪೋಪ್ ಫ್ರಾನ್ಸಿಸರ 'ಲೌದಾತೊ ಸಿ'. ಮೇ 24ರ ದಿನಾಂಕ ಹೊತ್ತು ಜೂನ್ 18ರಂದು ಹೊರಬಂದ, 246 ಪರಿಚ್ಛೇದಗಳ ವಿಶ್ವಪತ್ರ. ವಿಶ್ವಪತ್ರಗಳಿಗೆ ಸಾಮಾನ್ಯವಾಗಿ ಲ್ಯಾಟಿನ್ ಹೆಸರಿರುತ್ತದೆ. ಇದರ ಹೆಸರು ಸಂತ ಫ್ರಾನ್ಸಿಸರು ಸುಮಾರು 1225ರಲ್ಲಿ, ಕಣ್ಣು ಬಹುಮಟ್ಟಿಗೆ ಕಾಣದಂತಾಗಿದ್ದಾಗ, ತಮ್ಮ ಸೀಮೆಯ ಆಡುಮಾತಿನಲ್ಲಿ ಕಟ್ಟಿದ ಹಾಡಿನಿಂದ ಬಂದದ್ದು. 'ನಿನಗೆ ಸ್ತುತಿ' ಎಂಬುದು ಅದರ ಅರ್ಥ. ದೇವರೊಡನೆ ಮನೆಮಾತಿನಲ್ಲೇ ಮಾತನಾಡಬಹುದು ಎಂದು ಅದಕ್ಕೂ ಮೊದಲೇ ತೋರಿಸಿದ ಬಸವಣ್ಣನವರ ಬಾಗೇವಾಡಿ, ಕೂಡಲಸಂಗಮಗಳ ನೆರೆಯವರಾದ ನಮಗೆ ಆ ಆಯ್ಕೆಯ ತೂಕ ಬೇಗ ತಿಳಿಯುತ್ತದೆ. ಆ ಹಾಡಿನಲ್ಲಿ ಸೂರ್ಯ ಅಣ್ಣ, ಚಂದ್ರ ಅಕ್ಕ, ನೀರು ವಿನಯವಂತೆಯಾದ ತಂಗಿ. ಭೂಮಿಯ ಸರದಿ ಬಂದಾಗ ಸಂತರು ಹೇಳುವುದು, ನಮ್ಮ ತಾಯಿಯಾದ ಈ ಸೋದರಿ ನಮ್ಮನ್ನು ಪೋಷಿಸುತ್ತಾಳೆ, ಆಳುತ್ತಾಳೆ ಎಂದು. ಅಲ್ಲಿ ಆಳುವವಳು ಭೂಮಿ.

ಆ ಪತ್ರದ 67ನೇ ಪರಿಚ್ಛೇದ ವೈಟ್ ಎತ್ತಿದ ಆರೋಪಕ್ಕೆ ನೇರವಾಗಿ ಮುಖಕೊಡುತ್ತದೆ. ಕ್ರೈಸ್ತರು ಕೆಲವೊಮ್ಮೆ ಧರ್ಮಗ್ರಂಥವನ್ನು ತಪ್ಪಾಗಿ ಅರ್ಥೈಸಿದ್ದುಂಟು ಎಂದು ಒಪ್ಪಿಕೊಂಡು, ದೇವರು ಕೊಟ್ಟ ಒಡೆತನ ಮನಬಂದಂತೆ ದಬ್ಬಾಳಿಕೆ ನಡೆಸಲು ಪರವಾನಗಿ ಅಲ್ಲ ಎಂದು ಹೇಳಿ, 'ಸಾಗುವಳಿ ಮಾಡು, ಕಾಯು' ಎಂಬ ವಚನವನ್ನು ಮುಂದಿಡುತ್ತದೆ. ಭೂಮಿಯ ಕೂಗು, ಬಡವರ ಕೂಗು ಬೇರೆಬೇರೆ ಅಲ್ಲ ಎಂಬುದು ಇಡೀ ಪತ್ರದ ಬೆನ್ನೆಲುಬು.

ಬೆಳಗಾವಿ ಜಿಲ್ಲೆಯಲ್ಲಿ ಈ ಮಾತಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆ ನೇಕಾರರ ಮನೆಗಳಿಗೆ ನೀರು ನುಗ್ಗಿತು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಪ್ರವಾಹ ಇಳಿದ ಮೇಲೂ ಆ ಗುಂಡಿಯಲ್ಲಿ ಕೆಸರು ಉಳಿಯುತ್ತದೆ, ಹಾಸಿದ ನೂಲು ಕೊಳೆಯುತ್ತದೆ, ಅದರೊಂದಿಗೆ ಒಂದು ಕುಟುಂಬದ ತಿಂಗಳುಗಳ ಅನ್ನ.

ಅಥಣಿ, ರಾಯಬಾಗ, ಚಿಕ್ಕೋಡಿ, ಆಚೆಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ: ಇಲ್ಲಿನ ಕೂಗು ಇನ್ನೂ ಮೆಲ್ಲನೆಯದು. ಎರೆಮಣ್ಣಿಗೆ ಕಾಲುವೆಯ ನೀರನ್ನು ಮಿತಿಯಿಲ್ಲದೆ ಹಾಯಿಸಿ, ಬಸಿದುಹೋಗಲು ದಾರಿ ಬಿಡದಿದ್ದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ, ಅದರೊಡನೆ ಮೇಲೆ ಬಂದ ಉಪ್ಪು ನೆಲದ ಮೇಲೆ ಬಿಳಿ ಪೊರೆಯಾಗಿ ನಿಲ್ಲುತ್ತದೆ. ರೈತರು ಇದನ್ನು ಸವಳು-ಜವಳು ಎನ್ನುತ್ತಾರೆ. ಬರಿಗಾಲಲ್ಲಿ ಅಂಥ ಹೊಲದಲ್ಲಿ ನಡೆದರೆ ಪೊರೆ ಹಪ್ಪಳದಂತೆ ಮುರಿಯುತ್ತದೆ, ಒಳಗೆ ಜಿಗುಟು ಕೆಸರು. ಒಂದು ಕಾಲದಲ್ಲಿ ಜೋಳ ಬೆಳೆದ ನೆಲ ಅದು.

ಹಿಂದೆ ನಮ್ಮವರು ಹೊಲವನ್ನು ಆಗಾಗ ಬೀಳು ಬಿಡುತ್ತಿದ್ದರು. ಕಬ್ಬು ಬಂದ ಮೇಲೆ, ಕುಳೆಯ ಮೇಲೆ ಕುಳೆ, ನೆಲಕ್ಕೆ ಪುರುಸೊತ್ತಿಲ್ಲ. ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯ ಆರು ವರ್ಷ ಬಿತ್ತಿ ಏಳನೆಯ ವರ್ಷ ಭೂಮಿಗೆ ಸಬ್ಬತ್ ಕೊಡಬೇಕೆನ್ನುತ್ತದೆ. ಮನುಷ್ಯನಿಗೆ ಮಾತ್ರವಲ್ಲ, ಮಣ್ಣಿಗೂ ವಿಶ್ರಾಂತಿಯ ಹಕ್ಕು. ಮುಂದಿನ ಅಧ್ಯಾಯದ ಎಚ್ಚರಿಕೆ ಕಠೋರ: ನೀವು ಕೊಡದೆ ಉಳಿಸಿಕೊಂಡ ವಿಶ್ರಾಂತಿಯನ್ನು, ನೀವು ಗಡೀಪಾರಾಗಿ ಹೋದ ಮೇಲೆ ಭೂಮಿ ತಾನೇ ಪಡೆದುಕೊಳ್ಳುತ್ತದೆ. ಸವಳು ಹೊಲದ ಬದುವಿನ ಮೇಲೆ ನಿಂತು ಆ ವಚನವನ್ನು ನೆನೆದರೆ ಅದು ಸಾವಿರಾರು ವರ್ಷ ಹಳೆಯದೆಂದು ಅನ್ನಿಸುವುದಿಲ್ಲ.

ಚರ್ಚಿನ ಪ್ರತಿ ಬಲಿಪೂಜೆಯಲ್ಲೂ (ಮಾಸ್) ಗುರುಗಳು ರೊಟ್ಟಿಯನ್ನು ಎತ್ತಿ ಹಿಡಿದು, ಇದು ಭೂಮಿಯ ಫಲ, ಮನುಷ್ಯರ ದುಡಿಮೆಯ ಫಲ ಎನ್ನುತ್ತಾರೆ. ರೊಟ್ಟಿ ಗೋಧಿಯದೇ ಆಗಬೇಕು, ರಸ ದ್ರಾಕ್ಷಿಯದೇ ಆಗಬೇಕು. ನಮ್ಮದು ಜವೆ ಎಂಬ ಗೋಧಿ ತಳಿಯ ನಾಡು, ಪಕ್ಕದ ವಿಜಯಪುರ ದ್ರಾಕ್ಷಿಯ ನಾಡು. ಪೀಠದ ಮೇಲೆ ಇಡುವ ಎರಡನ್ನೂ ಈ ಮಣ್ಣು ಬೆಳೆಯಬಲ್ಲದು. ಆ ಪ್ರಾರ್ಥನೆಗೆ ದನಿಗೂಡಿಸುವವರು ಮಣ್ಣಿನ ಆರೋಗ್ಯವನ್ನು ಕೃಷಿ ಇಲಾಖೆಯ ವಿಷಯವೆಂದು ಬಿಟ್ಟುಬಿಡಲಾಗದು.

ನೀರಿನ ಪ್ರಶ್ನೆ ಇನ್ನೂ ಕಠಿಣ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲೂಕಿನ ದೇಗಾವ್ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು, ಗೋವಾದಲ್ಲಿ ಮಾಂಡೋವಿಯಾಗಿ, ಸಂತ ಫ್ರಾನ್ಸಿಸ್ ಝೇವಿಯರರ ದೇಹವಿರುವ ಹಳೆ ಗೋವಾದ ಪಕ್ಕದಲ್ಲೇ ಹರಿಯುತ್ತದೆ. ಬೆಳಗಾವಿ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಸೀಮೆ) 1953ರ ಸೆಪ್ಟೆಂಬರ್ 19ರಂದು ರೂಪುಗೊಂಡದ್ದೂ ಗೋವಾ ಮಹಾಧರ್ಮಕ್ಷೇತ್ರದ ಪ್ರದೇಶಗಳನ್ನು ಬೇರ್ಪಡಿಸಿಯೇ. ಇಲ್ಲಿನ ಎಷ್ಟೋ ಕಥೋಲಿಕ ಮನೆಗಳ ಬೇರು ಘಟ್ಟದ ಕೆಳಗಿದೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಕಳಸಾ-ಬಂಡೂರಿ ಯೋಜನೆಯ ಮೂಲಕ ಮಲಪ್ರಭೆಗೆ ತಿರುಗಿಸಲು ಅದರಲ್ಲಿ 3.9 ಟಿಎಂಸಿ. ಜಗಳ ಇನ್ನೂ ನಿಂತಿಲ್ಲ. ಎರಡೂ ದಡಗಳಲ್ಲಿ ಒಂದೇ ಪ್ರಾರ್ಥನೆ ಹೇಳುವ ಜನರಿದ್ದಾರೆ.

ಯಾರ ನೀರು ಎಂಬುದಕ್ಕೆ ವಿಶ್ವಪತ್ರ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಶುದ್ಧ ಕುಡಿಯುವ ನೀರು ಮನುಷ್ಯನ ಮೂಲಭೂತ ಹಕ್ಕು ಎಂದು 30ನೇ ಪರಿಚ್ಛೇದ ಹೇಳುತ್ತದೆ. ನನ್ನ ಮಟ್ಟಿಗೆ ಅದರ ಅರ್ಥ ಸ್ಪಷ್ಟ. ಕೊಡ ಹಿಡಿದು ನಿಂತ ಹೆಣ್ಣುಮಗಳ ಪಾಲು ಮೊದಲು, ಭೀಮಗಡದ ಕಾಡಿನ ಪಾಲು ಅದರ ಜೊತೆಗೆ, ಕಬ್ಬಿನ ಪಾಲು ಕೊನೆಗೆ. ಆ ಕ್ರಮವನ್ನು ಇಟ್ಟುಕೊಂಡು ಮಾತಿಗೆ ಕುಳಿತರೆ ಗೋವಾದವರ ಮುಂದೆ ನಮ್ಮ ಬೇಡಿಕೆಗೂ ಬಲ ಬರುತ್ತದೆ.

2015ರ ನಂತರದ ಬೆಳವಣಿಗೆಗಳನ್ನು ಬೇಗ ಹೇಳಿ ಮುಗಿಸಬಹುದು. ಆರ್ಥೊಡಾಕ್ಸ್ ಸಭೆ 1989ರಿಂದ ಸೃಷ್ಟಿಗಾಗಿ ಪ್ರಾರ್ಥಿಸುತ್ತಿದ್ದ ಸೆಪ್ಟೆಂಬರ್ 1ನ್ನು ಕಥೋಲಿಕರೂ ಸ್ವೀಕರಿಸಿದರು. ಅಲ್ಲಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗೆ 'ಸೃಷ್ಟಿಯ ಕಾಲ'. 2023ರ ಅಕ್ಟೋಬರ್ 4ರಂದು ಪೋಪ್ ಫ್ರಾನ್ಸಿಸರು ಇನ್ನೊಂದು ಪತ್ರ ಬರೆದು, ಎಂಟು ವರ್ಷಗಳಲ್ಲಿ ನಮ್ಮ ಸ್ಪಂದನೆ ಸಾಲದಾಯಿತು ಎಂದು ನೊಂದುಕೊಂಡರು. 2025ರ ಏಪ್ರಿಲ್ 21ರಂದು ಅವರು ತೀರಿಕೊಂಡರು. ಅದೇ ಜುಲೈನಲ್ಲಿ ಸೃಷ್ಟಿಯ ಪಾಲನೆಗಾಗಿಯೇ ಒಂದು ಬಲಿಪೂಜೆಯ ವಿಧಿ ಹೊರಬಂತು, ಅವರ ನಂತರ ಪೋಪ್ ಆದ 14ನೇ ಲಿಯೋ ಅದನ್ನು ತಾವೇ ಅರ್ಪಿಸಿದರು. ಹೊಲ ಸುತ್ತುವ ಆ ಹಳೆಯ ಮೆರವಣಿಗೆಯನ್ನು ಮರೆತ ಚರ್ಚು ಹೊಲದ ಕಡೆಗೆ ಮತ್ತೆ ಹೆಜ್ಜೆ ಇಟ್ಟಂತೆ ನನಗೆ ಕಂಡಿತು. ನಮ್ಮ ಊರಹಬ್ಬಗಳಲ್ಲಿ ಇನ್ನೂ ಪ್ಲಾಸ್ಟಿಕ್ ತೋರಣಗಳೇ ತೂಗಾಡುತ್ತವೆ, ಪಟಾಕಿ ಕಡಿಮೆಯಾಗಿಲ್ಲ. ವಿಶ್ವಪತ್ರದ ಹೆಸರನ್ನು ಪ್ರಬೋಧನೆಯಲ್ಲಿ ಕೇಳದ ವಿಶ್ವಾಸಿಗಳು ಬಹಳ ಜನ.

ನನ್ನ ದೊಡ್ಡಪ್ಪನ ಮಗನೊಬ್ಬ ಈಚಿನ ವರ್ಷಗಳಲ್ಲಿ ರವದಿ ಸುಡುವುದನ್ನು ಬಿಟ್ಟಿದ್ದಾನೆ. ಸಾಲು ಬಿಟ್ಟು ಸಾಲು ಹೊದಿಸಿ, ಕೊಳೆಯಲು ಬಿಡುತ್ತಾನೆ. ಹೋದ ಬೇಸಿಗೆಯಲ್ಲಿ ಕೈಯಿಂದ ರವದಿ ಸರಿಸಿ ತೋರಿಸಿದ: ಸುಡುಬಿಸಿಲಿನ ಮಧ್ಯಾಹ್ನವೂ ಕೆಳಗೆ ಮಣ್ಣು ತಂಪಾಗಿತ್ತು, ಎರೆಹುಳದ ಹಿಕ್ಕೆಗಳು ರಾಗಿಯಂತೆ ಉದುರಿ ಬಿದ್ದಿದ್ದವು. ಅಕ್ಕಪಕ್ಕದವರು ಇನ್ನೂ ಬೆಂಕಿ ಇಡುತ್ತಾರೆ. ಅವರು ಬೆಂಕಿ ಇಡುವ ರಾತ್ರಿ ಅವನಿಗೆ ನಿದ್ದೆಯಿಲ್ಲ. ಒಂದು ಕಿಡಿ ಹಾರಿದರೆ ಸಾಕು, ಹಾಸಿದ ರವದಿಯೆಲ್ಲ ಬೂದಿ. ಹಸಿ ಬೇವಿನ ಟೊಂಗೆಯೊಂದನ್ನು ಹಿಡಿದು, ಪಕ್ಕದಲ್ಲಿ ಎರಡು ಕೊಡ ನೀರಿಟ್ಟುಕೊಂಡು, ಬೆಂಕಿ ತಣಿಯುವವರೆಗೂ ಅವನು ಬದುವಿನ ಮೇಲೆ ಕಾಯುತ್ತಾ ನಿಂತಿರುತ್ತಾನೆ.