ಮೊದಲು ಮಂದ್ರ ಸೋಸಬೇಕು: ಬ್ರಯಾನ್ ಮೇ ಗಿಟಾರ್ ಸೋಲೋದ ನಾದ

1975ರಲ್ಲಿ ಬಂದ ಕ್ವೀನ್ ತಂಡದ ‘ಬೊಹಿಮಿಯನ್ ರಾಪ್ಸೊಡಿ’ಯ ಗಿಟಾರ್ ಸೋಲೋ ಕೇಳಿ, ಅದೇ ನಾದ ಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್. ಅಲ್ಲಿಂದಲೇ ದಾರಿ ತಪ್ಪುತ್ತದೆ. ಗೇಯ್ನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಷ್ಟೂ ನಾದ ದಪ್ಪವಾಗುತ್ತದೆ, ಆದರೆ ಹಾಡುವುದಿಲ್ಲ. ಮಂದ್ರದ ಅಲೆಗಳು ಗಾತ್ರದಲ್ಲಿ ದೊಡ್ಡವು. ಆಂಪ್ಲಿಫೈಯರಿನ ಮಿತಿ ಮುಟ್ಟಿ ಅವುಗಳ ನೆತ್ತಿ ಕತ್ತರಿಸಿಹೋದಾಗ, ಅದೇ ನೆತ್ತಿಯ ಮೇಲೆ ಕೂತಿದ್ದ ತಾರದ ಸಣ್ಣ ಅಲೆಗಳೂ ಜೊತೆಯಲ್ಲೇ ಹೋಗುತ್ತವೆ. ಆಮೇಲೆ ಬಾಸ್ ಇಳಿಸಿದರೂ ಟ್ರೆಬಲ್ ಏರಿಸಿದರೂ ಕಳೆದುಹೋದದ್ದು ಮರಳುವುದಿಲ್ಲ. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ವಾದನದಲ್ಲಿ ಈ ಸೋಸುವ ಕೆಲಸ ಡಿಸ್ಟಾರ್ಷನ್‌ಗೆ ಮೊದಲೇ, ಅದೂ ಎರಡು ಕಡೆ ನಡೆಯುತ್ತದೆ: ಒಮ್ಮೆ ಗಿಟಾರಿನ ಒಳಗೇ, ಇನ್ನೊಮ್ಮೆ ಒಂದೇ ಟ್ರಾನ್ಸಿಸ್ಟರಿನ ಪುಟ್ಟ ಡಬ್ಬಿಯಲ್ಲಿ.

ಗಿಟಾರಿನಿಂದ ಶುರು ಮಾಡೋಣ. ‘ರೆಡ್ ಸ್ಪೆಷಲ್’ ಎಂದು ಹೆಸರಾದ ಈ ವಾದ್ಯವನ್ನು ಮೇ ಮತ್ತು ಅವರ ತಂದೆ ಹೆರಾಲ್ಡ್ 1963ರಿಂದ ಮನೆಯಲ್ಲೇ ಕಟ್ಟತೊಡಗಿದರು. ಅದರ ಕತ್ತು ಹಳೆಯ ಅಗ್ಗಿಷ್ಟಿಕೆಯೊಂದರ ಮಹಾಗನಿ ಮರದ್ದು. ನಮಗಿಲ್ಲಿ ಬೇಕಾದದ್ದು ಮರವಲ್ಲ, ವೈರಿಂಗ್. ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಸುರುಳಿಗೆ ಪಿಕಪ್ ಎಂದು ಹೆಸರು. ಇಲ್ಲಿರುವುದು ಬರ್ನ್ಸ್ ಕಂಪನಿಯ ಮೂರು ಟ್ರೈಸಾನಿಕ್ ಪಿಕಪ್‌ಗಳು, ಪ್ರತಿಯೊಂದಕ್ಕೂ ಎರಡೆರಡು ಸ್ವಿಚ್. ಒಂದು ಪಿಕಪ್ಪನ್ನು ಸೇರಿಸಲು ಅಥವಾ ಬಿಡಲು, ಇನ್ನೊಂದು ಅದರ ಫೇಸ್ (ಅಲೆಯ ಏರಿಳಿತದ ದಿಕ್ಕು) ತಿರುಗಿಸಲು. ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಪಿಕಪ್‌ಗಳು ಸಮಾಂತರ ಜೋಡಣೆಯಲ್ಲಿದ್ದರೆ ಇಲ್ಲಿ ಸರಣಿ ಜೋಡಣೆ. ಎರಡು ಸುರುಳಿಗಳ ವೋಲ್ಟೇಜ್ ಕೂಡಿಕೊಳ್ಳುತ್ತದೆ, ಇಂಡಕ್ಟನ್ಸ್ ಕೂಡ. ಇಂಡಕ್ಟನ್ಸ್ ಇಮ್ಮಡಿಯಾದರೆ ಕೇಬಲ್ಲಿನ ಕೆಪಾಸಿಟನ್ಸ್ ಜೊತೆಗಿನ ಅನುರಣನದ ಆವರ್ತನ ಸುಮಾರು ಶೇ 30ರಷ್ಟು ಇಳಿಯುತ್ತದೆ. ನಾದದ ಮೂತಿ ಮುಂದೆ ಚಾಚುವುದು, ಮಾತಾಡಿದಂತೆ ಕೇಳಿಸುವುದು ಈ ಕಾರಣಕ್ಕೆ.

ಬೊಹಿಮಿಯನ್ ರಾಪ್ಸೊಡಿಯ ಸೋಲೋಗೆ ಕತ್ತಿನ ಬಳಿಯ ಪಿಕಪ್ ಮತ್ತು ನಡುವಿನ ಪಿಕಪ್ ವಿರುದ್ಧ ಫೇಸಿನಲ್ಲಿವೆ, ಅಂದರೆ ಒಂದರಿಂದ ಇನ್ನೊಂದನ್ನು ಕಳೆಯಲಾಗಿದೆ. ಲೆಕ್ಕ ಹಾಕಿದರೆ ಇದರ ಸೊಗಸು ಕಾಣುತ್ತದೆ. ತಂತಿಯ ಉದ್ದ 610 ಮಿ.ಮೀ. ಉದಾಹರಣೆಗೆ, ಪಿಕಪ್‌ಗಳು ಬ್ರಿಜ್‌ನಿಂದ (ತಂತಿ ಕೂರುವ ಕುದುರೆ) 150 ಮತ್ತು 100 ಮಿ.ಮೀ. ದೂರದಲ್ಲಿವೆ ಎಂದುಕೊಳ್ಳಿ. ಬೆರಳಿಡದೆ ಬಿಟ್ಟ ತಂತಿಯ ಮೂಲ ಸ್ವರ ಎರಡೂ ಕಡೆ ಒಂದೇ ದಿಕ್ಕಿಗೆ ಆಡುತ್ತದೆ. ಒಂದು ಪಿಕಪ್ಪಿನ ಗರಿಷ್ಠ ಸಿಗ್ನಲ್ 1 ಎಂದಿಟ್ಟುಕೊಂಡರೆ, ಕೂಡಿದಾಗ 1.19, ಕಳೆದರೆ ಬರೀ 0.21. ಮೂಲ ಸ್ವರದ ಐದು ಪಟ್ಟು ಆವರ್ತನದ ಐದನೆಯ ಉಪಸ್ವರಕ್ಕೆ ಬಂದರೆ ಲೆಕ್ಕವೇ ಬೋರಲು: ಕೂಡಿದಾಗ 0.12, ಕಳೆದಾಗ 1.20! ಮಂದ್ರ ತಂತಿ ಮೀಟಿದ ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ ಇದೆಯಲ್ಲ, ಅದೇ ಈ ಐದನೆಯ ಉಪಸ್ವರ. ಬೆರಳು ಮೇಲಿನ ಮನೆಗಳಿಗೆ ಸರಿದಂತೆ ತಂತಿಯ ಉದ್ದ ಕಡಿಮೆಯಾಗಿ ಈ ಅನುಪಾತಗಳೂ ಬದಲಾಗುತ್ತವೆ. ಸೋಲೋದ ಒಂದೊಂದು ಸ್ವರಕ್ಕೂ ಬೇರೆಬೇರೆ ಬಣ್ಣ ಬರುವುದರಲ್ಲಿ ಇದರ ಪಾಲು ದೊಡ್ಡದು.

ನಿಮ್ಮ ಗಿಟಾರಿನಲ್ಲಿ ಇದನ್ನು ಮಾಡಲು ಪ್ರತಿ ಪಿಕಪ್ಪಿಗೆ ಆರು ಕಾಲಿನ ಎರಡು ಸ್ಲೈಡ್ ಸ್ವಿಚ್ ಸಾಕು. ಫೇಸ್ ಸ್ವಿಚ್ಚಿನ ನಡುವಿನ ಎರಡು ಕಾಲಿಗೆ ಸುರುಳಿಯ ಎರಡು ತುದಿ, ಹೊರಗಿನ ನಾಲ್ಕು ಕಾಲುಗಳನ್ನು ಕತ್ತರಿಯಾಕಾರದಲ್ಲಿ ಅಡ್ಡ ಜೋಡಿಸಿ ಬೆಸುಗೆ. ಆನ್-ಆಫ್ ಸ್ವಿಚ್ಚಿನಲ್ಲಿ ಬಹಳ ಮಂದಿ ಎಡವುತ್ತಾರೆ. ಸರಣಿ ಜೋಡಣೆಯಲ್ಲಿ ಒಂದು ಪಿಕಪ್ಪಿನ ತಂತಿಯನ್ನು ತುಂಡರಿಸಿದರೆ ಇಡೀ ಗಿಟಾರ್ ಮೌನವಾಗುತ್ತದೆ. ‘ಆಫ್’ ಎಂದರೆ ಆ ಸುರುಳಿಯ ಎರಡು ತುದಿಯನ್ನು ಒಂದಕ್ಕೊಂದು ಶಾರ್ಟ್ ಮಾಡುವುದು. ಇನ್ನೊಂದು ಎಚ್ಚರ: ಪಿಕಪ್ಪಿನ ಲೋಹದ ಕವಚ ಸುರುಳಿಯ ಒಂದು ತುದಿಗೆ ಅಂಟಿಕೊಂಡಿದ್ದರೆ ಅದನ್ನು ಬಿಡಿಸಿ, ಬೇರೆ ವೈರಿನಿಂದ ನೇರ ಗ್ರೌಂಡಿಗೆ ಕೊಡಿ. ಇಲ್ಲದಿದ್ದರೆ ಫೇಸ್ ತಿರುಗಿಸಿದ ಕೂಡಲೇ ಗುಂಯ್ ಎನ್ನುತ್ತದೆ. ಹೆಚ್ಚು ಗೇಯ್ನಿನಲ್ಲಿ ಪಿಕಪ್ ಕೀರಲಿಟ್ಟರೆ ಸುರುಳಿ ಸಡಿಲವಾಗಿ ನಡುಗುತ್ತಿದೆ ಎಂದರ್ಥ. ಮೇ ತಮ್ಮ ಪಿಕಪ್‌ಗಳೊಳಗೆ ಆರಾಲ್ಡೈಟ್ ತುಂಬಿಸಿ ಇದನ್ನು ನಿಲ್ಲಿಸಿದರು.

ಕಳೆಯುವ ಜೋಡಣೆಯಲ್ಲಿ ಸಿಗ್ನಲ್ ಬಡಕಲಾಗುವುದರಿಂದ ತಾರವನ್ನು ಹಿಗ್ಗಿಸುವ ಟ್ರೆಬಲ್ ಬೂಸ್ಟರ್, ಅಂದರೆ ಮೊದಲು ಹೇಳಿದ ಪುಟ್ಟ ಡಬ್ಬಿ, ಬೇಕೇ ಬೇಕು. ಈ ಜಾತಿಯ ಮೂಲ ಡಬ್ಬಿ 1960ರ ದಶಕದ ಡಲಾಸ್ ರೇಂಜ್‌ಮಾಸ್ಟರ್. ಒಳಗೆ ಜರ್ಮೇನಿಯಂನ ಒಂದು ಪಿ.ಎನ್.ಪಿ. ಟ್ರಾನ್ಸಿಸ್ಟರ್. ಅದರ ಮೂರು ಕಾಲುಗಳು ಬೇಸ್, ಎಮಿಟರ್, ಕಲೆಕ್ಟರ್. ಇನ್‌ಪುಟ್ಟಿಗೆ 5 ನ್ಯಾನೊಫ್ಯಾರಡ್ ಕೆಪಾಸಿಟರ್. ಬೇಸ್‌ನಿಂದ ಗ್ರೌಂಡಿಗೆ 68 ಕಿಲೋಓಮ್, ಬೇಸ್‌ನಿಂದ ಬ್ಯಾಟರಿಯ ಋಣ ತುದಿಗೆ 470 ಕಿಲೋಓಮ್. ಎಮಿಟರ್‌ನಿಂದ ಗ್ರೌಂಡಿಗೆ 3.9 ಕಿಲೋಓಮ್, ಅದಕ್ಕೆ ಸಮಾಂತರವಾಗಿ 47 ಮೈಕ್ರೊಫ್ಯಾರಡ್. ಕಲೆಕ್ಟರ್‌ಗೆ 10 ಕಿಲೋಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್), ಅದರ ನಡುವಿನ ಕಾಲಿನಿಂದ 10 ನ್ಯಾನೊಫ್ಯಾರಡ್ ಮೂಲಕ ಔಟ್‌ಪುಟ್. ಇಷ್ಟೇ ಸರ್ಕ್ಯೂಟ್. ಇನ್‌ಪುಟ್ಟಿನ ಪುಟ್ಟ ಕೆಪಾಸಿಟರ್ ಸುಮಾರು 2ರಿಂದ 4 ಕಿಲೋಹರ್ಟ್ಸ್‌ನಿಂದ ಕೆಳಕ್ಕೆ ಪ್ರತಿ ಆಕ್ಟೇವಿಗೆ 6 ಡೆಸಿಬೆಲ್‌ನಂತೆ ಮಂದ್ರವನ್ನು ತಡೆಯುತ್ತದೆ. ನಿಖರ ಅಂಕಿ ಗಿಟಾರಿಗೆ ತಕ್ಕಂತೆ ಜರುಗುತ್ತದೆ, ಏಕೆಂದರೆ ಡಬ್ಬಿಯ ಇನ್‌ಪುಟ್ ಇಂಪಿಡೆನ್ಸ್ ತೀರಾ ಕಡಿಮೆ. ಪಿಕಪ್ಪಿನ ಸುರುಳಿಯೂ ಫಿಲ್ಟರಿನ ಭಾಗವಾಗಿಬಿಡುತ್ತದೆ. ಹಾಗಾಗಿ ಗಿಟಾರ್ ಮತ್ತು ಬೂಸ್ಟರ್ ನಡುವೆ ಬಫರ್ (ಗಿಟಾರನ್ನು ಮುಂದಿನ ಸರ್ಕ್ಯೂಟಿನಿಂದ ಬೇರ್ಪಡಿಸುವ ಹಂತ) ಇರುವ ಯಾವ ಪೆಡಲ್ಲೂ ಬರಬಾರದು. ಬಂದರೆ ಕಿವಿ ಚುಚ್ಚುವ ಕರ್ಕಶತನ ಖಂಡಿತ.

ಇಲ್ಲಿ ಗ್ರೌಂಡ್ ಎಂದರೆ ಬ್ಯಾಟರಿಯ ಧನ ತುದಿ. ಆದ್ದರಿಂದ 47 ಮೈಕ್ರೊಫ್ಯಾರಡ್‌ನ ಧನ ಕಾಲು ಗ್ರೌಂಡಿಗೆ ಹೋಗಬೇಕು, ಮತ್ತು ಬೇರೆ ಪೆಡಲ್‌ಗಳ ಅಡಾಪ್ಟರನ್ನು ಇದಕ್ಕೆ ಹಂಚಬಾರದು. ಹಂಚಿದರೆ ಸಪ್ಲೈ ನೇರ ಶಾರ್ಟ್ ಆಗುತ್ತದೆ. ಪ್ರತ್ಯೇಕ 9 ವೋಲ್ಟ್ ಬ್ಯಾಟರಿಯೇ ಕ್ಷೇಮ.

ಟ್ರಾನ್ಸಿಸ್ಟರ್ ಆಯ್ಕೆಗೆ ಸಮಯ ಕೊಡಿ. ಬೆಂಗಳೂರಿನ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಶುರು ಮಾಡಿತ್ತು. ಕೆಟ್ಟು ಮೂಲೆ ಸೇರಿದ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಸಿಕ್ಕರೆ ಬಿಚ್ಚಿ ನೋಡುವುದು ಒಳ್ಳೆಯದು. ಪರೀಕ್ಷೆ ಹೀಗೆ: ಎಮಿಟರ್ 9 ವೋಲ್ಟಿನ ಧನಕ್ಕೆ, ಕಲೆಕ್ಟರ್ 2.4 ಕಿಲೋಓಮ್ ಮೂಲಕ ಋಣಕ್ಕೆ, ಬೇಸ್ ಖಾಲಿ. ಆ ರೆಸಿಸ್ಟರಿನ ಮೇಲೆ 0.24 ವೋಲ್ಟ್ ಕಂಡರೆ ಸೋರಿಕೆ (ಬೇಸ್ ಖಾಲಿ ಇದ್ದರೂ ಹರಿಯುವ ಕರೆಂಟ್) 100 ಮೈಕ್ರೊಆಂಪ್. ಇನ್ನೂ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ನಂತರ ಬೇಸ್‌ನಿಂದ ಋಣಕ್ಕೆ 2.2 ಮೆಗಾಓಮ್ ಕೊಡಿ. ವೋಲ್ಟೇಜ್ ಎಷ್ಟು ಏರಿತೋ ಅದರ ನೂರು ಪಟ್ಟು ಸರಿಸುಮಾರು ಗೇಯ್ನ್. 0.7ರಿಂದ 1 ವೋಲ್ಟ್ ಏರಿದರೆ ಇಟ್ಟುಕೊಳ್ಳಿ. ಕೈಯಲ್ಲಿ ಹಿಡಿದ ಬಿಸಿಗೇ ಅಂಕಿ ಏರುವುದರಿಂದ ಒಂದೆರಡು ನಿಮಿಷ ಆರಲು ಬಿಡಬೇಕು.

ಕೊನೆಗೆ ಕಲೆಕ್ಟರ್ ಗ್ರೌಂಡಿಗಿಂತ 7 ವೋಲ್ಟ್ ಕೆಳಗಿರುವಂತೆ ಹೊಂದಿಸಿ. 68 ಕಿಲೋಓಮ್ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ತಿರುಗಿಸುವ 100 ಕಿಲೋಓಮ್ ಟ್ರಿಮ್‌ಪಾಟ್ ಹಾಕಿದರೆ ಸುಲಭ. ಜರ್ಮೇನಿಯಂ ಸೋರಿಕೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 20 ಡಿಗ್ರಿಯಲ್ಲಿ ಹೊಂದಿಸಿದ ಡಬ್ಬಿಯನ್ನು 40 ಡಿಗ್ರಿಯ ರಾಯಚೂರಿನ ಬೇಸಿಗೆಗೆ ಒಯ್ದರೆ ಸೋರಿಕೆ ನಾಲ್ಕು ಪಟ್ಟು. ಬಯಾಸ್ (ಹೊಂದಿಸಿಟ್ಟ ಆ ವೋಲ್ಟೇಜ್) ಜರುಗಿ, ಸ್ವರ ಉಸಿರುಗಟ್ಟಿದಂತೆ ಕತ್ತರಿಸಿಹೋಗುತ್ತದೆ. ಅಂಥ ಊರಿನಲ್ಲಿ ಟ್ರಿಮ್‌ಪಾಟ್ ತಿರುಗಿಸಲು ಡಬ್ಬಿಗೊಂದು ತೂತು ಕೊರೆದಿಡುವುದು ಜಾಣತನ.

ಆಂಪ್ಲಿಫೈಯರ್ ವಾಕ್ಸ್ ಎ.ಸಿ. 30, ಅದರ ನಾರ್ಮಲ್ ಚಾನೆಲ್, ವಾಲ್ಯೂಮ್ ಪೂರ್ತಿ. ಅದರಲ್ಲಿ ನಾಲ್ಕು ಇ.ಎಲ್. 84 ವಾಲ್ವ್‌ಗಳು. ಹೊಳೆಯುವ ಸ್ಪಷ್ಟತೆಯಿಂದ ಗರ್ಜನೆಗೆ ಅದು ಮೆಲ್ಲಗೆ ಜಾರುವುದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ಡಿಸ್ಟಾರ್ಷನ್ ತಗ್ಗಿಸುವ ಏರ್ಪಾಡು) ಇಲ್ಲದಿರುವುದೇ ಮುಖ್ಯ ಕಾರಣ. ಮನೆಯಲ್ಲಿ 30 ವಾಟ್ ಅಸಾಧ್ಯ ಸದ್ದು. ಸ್ಪೀಕರಿಗೆ ಮೊದಲು ಸದ್ದು ತಗ್ಗಿಸುವ ಅಟೆನುಯೇಟರ್ ಹಾಕಿ, ಇಲ್ಲವೇ ಒಳ್ಳೆಯ ಸಾಫ್ಟ್‌ವೇರ್ ಮಾದರಿ ಬಳಸಿ. ಮಾಸ್ಟರ್ ವಾಲ್ಯೂಮ್ ಇಳಿಸಿದರೆ ಔಟ್‌ಪುಟ್ ವಾಲ್ವ್‌ಗಳು ದುಡಿಯುವುದೇ ಇಲ್ಲ, ನಾದ ಒಣಗುತ್ತದೆ. ವಾಲ್ವ್ ಆಂಪ್ಲಿಫೈಯರನ್ನು ಮಾತ್ರ ಅನುಭವವಿಲ್ಲದವರು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಇನ್ನು ಎಲ್ಲವೂ ಗಿಟಾರಿನ ವಾಲ್ಯೂಮ್ ನಾಬಿನಲ್ಲಿದೆ. 10ರಲ್ಲಿ ಸೋಲೋ, 5ರ ಆಸುಪಾಸಿನಲ್ಲಿ ಗಂಟೆಯಂಥ ಸ್ವಚ್ಛ ಸ್ವರ. ಮೀಟಲು ಮೇ ಬಳಸುವುದು ಬ್ರಿಟನ್ನಿನ ಹಳೆಯ ಆರು ಪೆನ್ನಿ ನಾಣ್ಯ: 19 ಮಿ.ಮೀ. ಚಿಲ್ಲರೆ ವ್ಯಾಸ, ಗೀರು ಗೀರಾದ ಅಂಚು. 2011ರ ಜೂನ್ ಕೊನೆಗೆ ಚಲಾವಣೆ ನಿಂತ ನಮ್ಮ ತಾಮ್ರ-ನಿಕಲ್ ನಾಲ್ಕಾಣೆಯೂ 19 ಮಿ.ಮೀ., ಅಂಚಿನಲ್ಲಿ ಅಂಥದೇ ಗೀರುಗಳು. ತಂತಿಗೆ ಸಮವಾಗಿ ಹಿಡಿದರೆ ನಯವಾದ ಸ್ವರ. ತುಸು ಓರೆ ಮಾಡಿದರೆ ಗೀರುಗಳು ತಂತಿಯನ್ನು ಕೆರೆದು ಸ್ವರದ ಮೊದಲಲ್ಲಿ ವ್ಯಂಜನದಂಥ ಒರಟು ಸದ್ದು ಹುಟ್ಟುತ್ತದೆ. ಮಂದ್ರ ಸೋಸಿದ ಬೂಸ್ಟರ್ ಆ ಕೆರೆತವನ್ನೇ ಹಿಗ್ಗಿಸಿ ಕೇಳಿಸುತ್ತದೆ.