ಮಿದುಳಿನಲ್ಲಿ ಬಿಚ್ಚಿಕೊಳ್ಳದ ಕೊಬ್ಬು

ಚೆನ್ನಾಗಿ ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಮಂಕಾಗಿ, ಫಿಟ್ಸ್ ಶುರುವಾದರೆ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಮೊದಲು ತಾಯತ, ಆಮೇಲೆ ಸೊಲ್ಲಾಪುರ ಇಲ್ಲವೇ ಹೈದರಾಬಾದಿಗೆ ಓಡಾಟ. ಇಂಥ ಕೆಲವು ಕಾಯಿಲೆಗಳ ಬೇರು ಪ್ರೋಟೀನಿಗೆ ಅಂಟುವ ಕೊಬ್ಬಿನಲ್ಲಿದೆ. ಇದು ತಿಳಿಯಲು ದಶಕಗಳೇ ಬೇಕಾದವು.

1951ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಫೋಲ್ಚ್ ಮತ್ತು ಲೀಸ್ ಮಿದುಳಿನಿಂದ ಒಂದು ಪ್ರೋಟೀನ್ ತೆಗೆದರು. ಅದು ನೀರಿನಲ್ಲಿ ಕರಗಲಿಲ್ಲ, ಕ್ಲೋರೋಫಾರ್ಮ್ ಬೆರೆಸಿದ ದ್ರಾವಣದಲ್ಲಿ ಕರಗಿತು. ಕೊಬ್ಬು ಪ್ರೋಟೀನಿಗೆ ರಾಸಾಯನಿಕವಾಗಿ ಗಟ್ಟಿಯಾಗಿ ಬೆಸೆದುಕೊಳ್ಳಬಹುದು ಅಂತ 1979ರಲ್ಲಿ ಷ್ಮಿಟ್ ಮತ್ತು ಶ್ಲೆಸಿಂಜರ್ ವೈರಸ್ ಪ್ರೋಟೀನುಗಳಲ್ಲಿ ತೋರಿಸಿದರು.

ಹೀಗೆ ಅಂಟುವ ಕೊಬ್ಬುಗಳಲ್ಲಿ ಮುಖ್ಯವಾದದ್ದು 16 ಕಾರ್ಬನ್ನಿನ ಪಾಮಿಟಿಕ್ ಆಮ್ಲ. ಜೀವಕೋಶದ ಪೊರೆಯೂ ಕೊಬ್ಬಿನದೇ, ಹಾಗಾಗಿ ಈ ಕೊಬ್ಬು ಬಾಲದಂತೆ ಅಂಟಿರುವ ಪ್ರೋಟೀನ್ ಪೊರೆಗೆ ಹತ್ತಿಕೊಳ್ಳುತ್ತದೆ. ದನವನ್ನು ಗೂಟಕ್ಕೆ ಕಟ್ಟಿ, ಬೇಕಾದಾಗ ಬಿಚ್ಚಿದ ಹಾಗೆ. ಕಟ್ಟಲು ನಮ್ಮಲ್ಲಿ 23 ಕಿಣ್ವಗಳಿವೆ, ಬಿಚ್ಚಲು ಬೇರೆಯವು. ನರಕೋಶಗಳಲ್ಲಿ ಈ ಕೆಲಸ ತುಂಬಾ ಜಾಸ್ತಿ.

ಬಿಚ್ಚುವುದು ನಿಂತರೆ? ಉತ್ತರ ಸಿಕ್ಕಿದ್ದು ಫಿನ್‌ಲೆಂಡಿನಲ್ಲಿ. ಅಲ್ಲಿನ ಕೆಲವು ಮಕ್ಕಳು ಒಂದು ವರ್ಷದ ಹೊತ್ತಿಗೆ ಹಿಂದೆ ಬೀಳುತ್ತಿದ್ದರು, ಸ್ವೆಟರ್ ಹೆಣೆಯುವಂತೆ ಕೈ ಆಡಿಸುತ್ತಿದ್ದರು, ಎರಡರ ಆಸುಪಾಸಿನಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದರು. 1973ರಲ್ಲಿ ಸಂತವೂರಿ ಮತ್ತು ಹಾಲ್ಟಿಯಾ ಇದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿದರು. ಯಾವ ಜೀನು ಕೆಟ್ಟರೆ ಇದು ಬರುತ್ತದೆ ಅಂತ 1995ರಲ್ಲಿ ಗೊತ್ತಾಯಿತು: ಪಿಪಿಟಿ1. ಕೆಲಸ ಮುಗಿದ ಪ್ರೋಟೀನನ್ನು ಜೀವಕೋಶ ಒಡೆದುಹಾಕುವಾಗ ಅದರ ಕೊಬ್ಬನ್ನು ಕಳಚುವುದು ಈ ಜೀನಿನಿಂದ ತಯಾರಾಗುವ ಕಿಣ್ವ. ಅದಿಲ್ಲದಿದ್ದರೆ ಕಳಚದ ಸರಕು ಪೇರುತ್ತದೆ, ನರಕೋಶ ಸಾಯುತ್ತದೆ. ಉಲ್ಟಾ ತೊಂದರೆಯೂ ಇದೆ. ಮಿದುಳಿನ ನರಕೋಶಗಳು ಸಾಯುವ ಹಂಟಿಂಗ್ಟನ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಕೆಟ್ಟ ಪ್ರೋಟೀನಿಗೆ ಕೊಬ್ಬು ಅಂಟುವುದೇ ಕಡಿಮೆ ಅಂತ 2006ರಲ್ಲಿ ಗೊತ್ತಾಯಿತು.

ಅಪರೂಪದ ಕಾಯಿಲೆ, ನಮಗ್ಯಾಕೆ ಅಂತೀರಾ? ಪಿಪಿಟಿ1 ದೋಷ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಾಯಿಲೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಕಡೆ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಜಾಸ್ತಿ. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ತಾಯಿಯನ್ನು ದೂರುವುದು ಸುಮ್ನೆ ಅನ್ಯಾಯ.

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ, ಫಿಟ್ಸ್‌ನಂಥ ತೊಂದರೆಗಳ ಹತೋಟಿಗೆ ಮಾತ್ರ ಔಷಧಿ. ಆದರೆ ರಕ್ತದಲ್ಲಿ ಕಿಣ್ವವನ್ನು ಅಳೆಯಬಹುದು, ಜೀನನ್ನು ಓದಬಹುದು. ಮನೆಯಲ್ಲಿ ಯಾವ ದೋಷ ಅಂತ ಒಮ್ಮೆ ಗೊತ್ತಾದರೆ, ಮುಂದಿನ ಬಸಿರಿನಲ್ಲಿ ಮೂರನೇ ತಿಂಗಳ ಸುಮಾರಿಗೇ ಪರೀಕ್ಷೆ ಮಾಡಿಸಿಕೊಳ್ಳಬಹುದು.